ರಾಜ್ಯ ಹೋದ ಮೇಲೆ

ರನ್ನನ ‘ಗದಾಯುದ್ಧ’ವನ್ನು ಓದಿದವರಿಗೆ ಒಂದು ಸಂದೇಹ ಹುಟ್ಟದೆ ಇರದು. ಕಾವ್ಯದ ನಾಯಕ ಭೀಮ. ಅವನಲ್ಲಿ ಕವಿ ಕಂಡದ್ದು ತನ್ನ ಆಶ್ರಯದಾತ ಚಾಳುಕ್ಯ ಸತ್ಯಾಶ್ರಯನನ್ನು. ಹೀಗಿದ್ದೂ ಕವಿಯ ಹೃದಯ ದುರ್ಯೋಧನನ ಕಡೆಗೆ ಹರಿದುದೇಕೆ? ದುರಂತನಾಯಕನೆಂಬ ಮಾತಿನಿಂದ ವಿಮರ್ಶಕರು ಇದಕ್ಕೆ ಸಮಾಧಾನ ಹೇಳುತ್ತ ಬಂದಿದ್ದಾರೆ. ಆ ಮಾತು ಸರಿಯೇ. ಆದರೆ ಗ್ರೀಕ್ ನಾಟಕದ ಅಳತೆಗೋಲನ್ನು ಎತ್ತಿಕೊಳ್ಳುವ ಮೊದಲು ಕವಿ ಬಾಳಿದ ಕಾಲದತ್ತ ಒಮ್ಮೆ ಕಣ್ಣು ಹಾಯಿಸುವುದು ಲೇಸು.

ಮುಧೋಳದ ಬಳೆಗಾರರ ಮನೆಯಲ್ಲಿ 949ರಲ್ಲಿ ಹುಟ್ಟಿದ ರನ್ನ ಇನ್ನೂ ತರುಣನಾಗಿದ್ದಾಗಲೇ ರಾಷ್ಟ್ರಕೂಟರ ಮನೆತನ ಮುರಿದುಬಿತ್ತು. 972ರಲ್ಲಿ ಪರಮಾರ ಸೀಯಕ ಮಾನ್ಯಖೇಟವನ್ನು ಸೂರೆಗೊಂಡ. ಮರುವರ್ಷ ಚಾಳುಕ್ಯ ತೈಲಪ ಆ ಅರಸೊತ್ತಿಗೆಯನ್ನೇ ಮುಗಿಸಿದ. ರಾಷ್ಟ್ರಕೂಟ ಕುಡಿಯಾದ ಇಂದ್ರನಿಗೆ ಪಟ್ಟ ಕಟ್ಟಿಸಲು ಗಂಗ ಮಾರಸಿಂಹ ಹೆಣಗಿದ, ಕೈಗೂಡಲಿಲ್ಲ. ಒಂದೆರಡು ವರ್ಷಗಳಲ್ಲಿ ಮಾರಸಿಂಹ ಬಂಕಾಪುರದಲ್ಲಿ ಅಜಿತಸೇನಾಚಾರ್ಯರ ಸನ್ನಿಧಿಯಲ್ಲಿ ಸಲ್ಲೇಖನ ವ್ರತ ಹಿಡಿದು ದೇಹ ಬಿಟ್ಟ. ಇಂದ್ರನೂ 982ರಲ್ಲಿ ಶ್ರವಣಬೆಳಗೊಳದಲ್ಲಿ ಅದೇ ಹಾದಿ ಹಿಡಿದ.

ಆ ಅಜಿತಸೇನರೇ ರನ್ನನಿಗೂ ಗುರುಗಳು. ಅವನನ್ನು ಪೊರೆದ ಚಾವುಂಡರಾಯ ಮಾರಸಿಂಹನ ಮಂತ್ರಿ. ವಿದ್ಯೆ ಸಂದದ್ದು ಸೋತವರ ಬಳಗದಲ್ಲಿ. ‘ಕವಿಚಕ್ರವರ್ತಿ’ ಎಂಬ ಬಿರುದು ಬಂದದ್ದು ಗೆದ್ದ ತೈಲಪನಿಂದ. ಗೆದ್ದವರ ಸಭೆಯಲ್ಲಿ ಕುಳಿತಿದ್ದ ಈ ಕವಿ ಸೋತವರ ಮುಖವನ್ನು ಮರೆತಿರಲಾರ. ಇದು ಊಹೆಯೇ ಹೌದು. ಆದರೆ ಭೀಮನ ಪ್ರತಿಜ್ಞೆಗಳಲ್ಲಿ ಕೇಳಿಸುವುದು ಆಸ್ಥಾನದ ಕಂಠ. ಸಂಜಯನ ಕೈ ಹಿಡಿದು ರಣರಂಗದಲ್ಲಿ ತಡವುತ್ತ ನಡೆಯುವ ದುರ್ಯೋಧನನ ಮಾತಿನಲ್ಲಿ ಕೇಳಿಸುವುದು ಬೇರೆಯೇ.

ಆ ನಡಿಗೆಯನ್ನು ಗಮನವಿಟ್ಟು ಓದಬೇಕು. ರಾಜ್ಯ ಕಳೆದುಕೊಂಡವನು ಬೊಕ್ಕಸದ ಲೆಕ್ಕ ಹಾಕುವುದಿಲ್ಲ. ದ್ರೋಣನ ಮುಂದೆ ನಿಲ್ಲುತ್ತಾನೆ. ಶತ್ರುವಿನ ಮಗ ಅಭಿಮನ್ಯುವನ್ನು ಮನಸಾರೆ ಹೊಗಳುತ್ತಾನೆ. ಮಗನ ಹೆಣವನ್ನು, ದುಶ್ಶಾಸನನ ಹೆಣವನ್ನು ಕಾಣುತ್ತಾನೆ. ಕರ್ಣನ ಬಳಿ ಬಂದಾಗ ಒಡೆದುಹೋಗುತ್ತಾನೆ. ಹಿರಿಯರು ಸಂಧಿಯ ಮಾತೆತ್ತುತ್ತಾರೆ. ಅರ್ಧ ರಾಜ್ಯ ಇನ್ನೂ ದಕ್ಕೀತು. ಆದರೆ ಜೊತೆಗೆ ಆಳುವವರಿಲ್ಲದ ಮೇಲೆ ನೆಲವನ್ನು ಏನು ಮಾಡುವುದು? ಈ ಪ್ರಶ್ನೆಗೆ ಕಾವ್ಯದಲ್ಲಿ ಯಾರ ಬಳಿಯೂ ಉತ್ತರವಿಲ್ಲ. ಅಧಿಕಾರವೂ ಬಾಳೂ ಆ ಕಾಲಕ್ಕೆ ಒಂದೇ ನೂಲಿನಲ್ಲಿ ನೇಯ್ದಿದ್ದವು. ಒಂದು ಕಡಿದರೆ ಇನ್ನೊಂದು ಉಳಿಯದು. ಸೋತವನ ಪಾಲಿಗೆ ವೈಶಂಪಾಯನ ಸರೋವರ, ಇಲ್ಲವೆ ಬಂಕಾಪುರ.

ಇದನ್ನು ಕೊಂಡಾಡಬೇಕೆಂದು ನಾನು ಹೇಳುತ್ತಿಲ್ಲ. ಮಾನ್ಯಖೇಟ ಸೂರೆಯಾದ ದಿನ ಅಲ್ಲಿಯ ಅಂಗಡಿಕಾರರ ಗತಿ ಏನಾಯಿತೆಂದು ನಮ್ಮ ಕವಿಗಳು ಕೇಳಲಿಲ್ಲ. ಬಳೆಗಾರರ ಮಗನೂ ಕೇಳಲಿಲ್ಲ.

ಈ ನೂಲು ಹರಿದ ಹೊತ್ತು ಯಾವುದೆಂದು ನೋಡುವವರು ಮಾಸ್ತಿಯವರ ‘ಚಿಕವೀರ ರಾಜೇಂದ್ರ’ಕ್ಕೆ (1956) ಬರಬೇಕು. 1834ರಲ್ಲಿ ಇಂಗ್ಲಿಷರು ಕೊಡಗಿನ ಅರಸನನ್ನು ಇಳಿಸಿದರು. ಅವನು ಕಾದಿ ಸಾಯಲಿಲ್ಲ, ವ್ರತ ಹಿಡಿದು ದೇಹ ಬಿಡಲೂ ಇಲ್ಲ. ಇನ್ನೂ ಇಪ್ಪತ್ತೈದು ವರ್ಷ ಬದುಕಿದ. ಕಾಶಿಯಲ್ಲಿ ಕಾಲ ಕಳೆದು 1852ರಲ್ಲಿ ಲಂಡನ್ನಿಗೆ ಹೋದ. ಅಲ್ಲಿ ಮಗಳು ಗೌರಮ್ಮ ವಿಕ್ಟೋರಿಯಾ ರಾಣಿಯ ಸಮ್ಮುಖದಲ್ಲಿ ಕ್ರೈಸ್ತ ದೀಕ್ಷೆ ಪಡೆದಳು. ಈಸ್ಟ್ ಇಂಡಿಯಾ ಕಂಪೆನಿ ತನ್ನ ಹಣವನ್ನು ತಡೆಹಿಡಿದಿದೆಯೆಂದು ಅರಸ ದಾವೆ ಹೂಡಿದ. 1859ರಲ್ಲಿ ಆ ಊರಿನಲ್ಲೇ ತೀರಿಕೊಂಡ. ಪಟ್ಟ ಕಳೆದುಕೊಂಡ ಕನ್ನಡನಾಡಿನ ದೊರೆಯೊಬ್ಬ ಕತ್ತಿಯ ಬದಲು ವಕೀಲನನ್ನು ಹಿಡಿದ ಈ ಸಂಗತಿ ಸಣ್ಣದಲ್ಲ. ಮಾಸ್ತಿಯವರ ಮನಸ್ಸು ನೆಟ್ಟದ್ದು ಅರಮನೆ ಒಳಗಿನಿಂದ ಹೇಗೆ ಕುಸಿಯಿತೆಂಬುದರಲ್ಲಿ: ಕುಂಟ ಬಸವ, ಬೋಪಣ್ಣ, ಲಕ್ಷ್ಮೀನಾರಾಯಣಯ್ಯ, ತಾಳ್ಮೆಯೇ ಮೂರ್ತಿವೆತ್ತಂಥ ರಾಣಿ. ಅಷ್ಟರಲ್ಲಿ ಅವರನ್ನು ಮೀರಿಸುವವರಿಲ್ಲ. ಆದರೆ ಪದಚ್ಯುತಿಯ ಮುಂದಿನ ಆ ಇಪ್ಪತ್ತೈದು ವರ್ಷಗಳಿಗೆ ಕಾದಂಬರಿಯಲ್ಲಿ ಎಡೆ ಕಡಮೆ. ನನಗೆ ಇದೊಂದು ಕೊರತೆಯಾಗಿಯೇ ತೋರುತ್ತದೆ.

ಅದೇ ಕೊಡಗಿನ ಸೋಮವಾರಪೇಟೆಯಲ್ಲಿ 1983ರ ಚುನಾವಣೆಯಲ್ಲಿ ಮುಖ್ಯಮಂತ್ರಿ ಗುಂಡೂರಾಯರು ಸೋತರು. ರಾಜ್ಯದಲ್ಲಿ ಮೊದಲ ಬಾರಿಗೆ ಕಾಂಗ್ರೆಸ್ ಅಧಿಕಾರ ಕಳೆದುಕೊಂಡಿತು. 1989ರಲ್ಲಿ ಅವರು ಬೆಂಗಳೂರು ದಕ್ಷಿಣದಿಂದ ಲೋಕಸಭೆಗೆ ಆರಿಸಿಬಂದರು. ಅದೇ ವರ್ಷ ಏಪ್ರಿಲ್ 21ರಂದು ಎಸ್. ಆರ್. ಬೊಮ್ಮಾಯಿಯವರ ಸರ್ಕಾರ ವಜಾ ಆಯಿತು. ಅವರು ನ್ಯಾಯಾಲಯದ ಮೆಟ್ಟಿಲು ಹತ್ತಿದರು. 1994ರ ಮಾರ್ಚ್ 11ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ ಬಹುಮತದ ಪರೀಕ್ಷೆ ನಡೆಯಬೇಕಾದದ್ದು ಶಾಸನಸಭೆಯಲ್ಲಿ ಎಂದು ತೀರ್ಪಿತ್ತಿತು. ಹೋದ ಕುರ್ಚಿ ಮರಳಲಿಲ್ಲ. ಆದರೆ ಮುಂದೆ ಕುರ್ಚಿಯಲ್ಲಿ ಕುಳಿತವರಿಗೆಲ್ಲ ಆ ತೀರ್ಪು ಕಾವಲಾಯಿತು. ಸೋತವನೊಬ್ಬ ತನ್ನ ನಂತರದವರಿಗೆ ಇಂಥದೊಂದನ್ನು ಬಿಟ್ಟುಹೋಗುವುದು ತೈಲಪನ ಕಾಲದಲ್ಲಿ ಕಲ್ಪನೆಗೂ ನಿಲುಕದ ಮಾತು.

ಇಷ್ಟು ದೊಡ್ಡ ಮಾರ್ಪಾಟನ್ನು ನಮ್ಮ ಸಾಹಿತ್ಯ ಸರಿಯಾಗಿ ಕಂಡಿಲ್ಲ. ಕಾರ್ನಾಡರ ‘ತುಘಲಕ್’ (1964) ಸಿಂಹಾಸನದ ಮೇಲೆಯೇ ಎಲ್ಲವನ್ನೂ ಕಳೆದುಕೊಂಡವನ ಕಥೆ. ಅನಂತಮೂರ್ತಿಯವರ ‘ಅವಸ್ಥೆ’ (1978) ಅಧಿಕಾರದ ಆಮಿಷ ಎದುರು ನಿಂತಾಗ ರೋಗಶಯ್ಯೆಯಲ್ಲಿರುವ ನಾಯಕನ ಆತ್ಮಪರೀಕ್ಷೆ. ಎರಡೂ ಹಿರಿಯ ಕೃತಿಗಳೇ. ಆದರೆ ಅಧಿಕಾರ ಹೋದ ಮರುದಿನದ ಬೆಳಗು ಎರಡರಲ್ಲೂ ಇಲ್ಲ. ಉಳಿದ ಹೆಚ್ಚಿನ ಬರಹಗಳಲ್ಲಿ ಮಾಜಿ ಮಂತ್ರಿಯೆಂದರೆ ಹಾಸ್ಯಪಾತ್ರ. ನಗುವುದು ಸುಲಭ. ರನ್ನ ತನ್ನ ದೊರೆಯ ಶತ್ರುವಿನ ಸ್ಥಾನದಲ್ಲಿದ್ದವನನ್ನೂ ನಗದೆ ನೋಡಿದ.

ಸರ್ಕಾರಿ ಬಂಗಲೆಯಿಂದ ಸಾಮಾನು ಲಾರಿಗೆ ಏರುತ್ತಿರುತ್ತದೆ. ನಿನ್ನೆಯವರೆಗೆ ಬಾಗಿಲ ಹೊರಗೆ ಕಾಲಿಡಲು ತೆರಪಿಲ್ಲದಷ್ಟು ಚಪ್ಪಲಿಗಳಿದ್ದವು. ಇಂದು ಎರಡು ಜೊತೆ. ಒಂದು ಮನೆಯವರದು. ಇನ್ನೊಂದು ಯಾರದು? ಕೆಲಸವಿಲ್ಲದಿದ್ದರೂ ಬಂದ ಆ ಒಬ್ಬನನ್ನು ಒಳಗೆ ಕೂರಿಸಿ ಮಾತಾಡಿಸುವ ಕಾದಂಬರಿ ನನ್ನ ಕಣ್ಣಿಗೆ ಇನ್ನೂ ಬಿದ್ದಿಲ್ಲ.