ಮಿರ್ಚಿ, ರೊಟ್ಟಿ, ಬೈಲಾಟ: ಕೊಪ್ಪಳ ಸೀಮೆಯ ರಾತ್ರಿಗೊಂದು ಕೈಪಿಡಿ

ಆನೆಗೊಂದಿ, ಸಾಣಾಪುರದ ಹೋಂಸ್ಟೇಗಳಲ್ಲಿ ಬ್ಯಾಗು ಇಳಿಸಿದವರು ಮೊದಲು ಕೇಳುವುದು, 'ರಾತ್ರಿ ಇಲ್ಲಿ ಏನಿರುತ್ತೆ?' ಗೋವಾ ಕಂಡವರು, ಸ್ಪೇನಿನ ಬೆನಿಡಾರ್ಮ್‌ನಂಥ ಕಡಲೂರುಗಳ ಬಗ್ಗೆ ಓದಿದವರು ಹಾಗೆ ಕೇಳುವುದು ಸಹಜ. ಇರುತ್ತದೆ, ಬೇಕಾದಷ್ಟು ಇರುತ್ತದೆ. ಆದರೆ ಅದು ಪ್ರವಾಸಿಗರಿಗೆಂದು ಕಟ್ಟಿದ ಜಾಗದಲ್ಲಿ ಇರುವುದಿಲ್ಲ. ಅದನ್ನು ಹುಡುಕಿಕೊಂಡು ಪೇಟೆಗೆ ಬರಬೇಕು, ಹಸಿದು ಬರಬೇಕು.

ಪ್ರವಾಸಿಗರ ರಾತ್ರಿಯೂ ಇಲ್ಲಿ ಒಂದು ಕಾಲಕ್ಕೆ ಜೋರಾಗಿಯೇ ಇತ್ತು. ಹಂಪಿಯ ವಿರೂಪಾಕ್ಷ ಗುಡಿಯ ಎದುರು, ಹೊಳೆಯ ಆಚೆ ದಂಡೆಗಿರುವ ವಿರೂಪಾಪುರ ಗಡ್ಡೆ ಗಂಗಾವತಿ ತಾಲ್ಲೂಕಿಗೆ ಸೇರಿದ್ದು. ಭತ್ತದ ಗದ್ದೆಗೆ ಮುಖ ಮಾಡಿದ ಕೆಫೆಗಳು, ನೆಲದ ಮೇಲೆ ದಿಂಬು, ಗಿಡ್ಡ ಮೇಜು, ಮೆನುವಿನಲ್ಲಿ ಹಮ್ಮಸ್, ಫಲಾಫೆಲ್, ಶಕ್ಷುಕಾ. ಸಂಜೆಗೆ ದೋಣಿ ನಿಂತಿತೆಂದರೆ ಆಚೆ ದಂಡೆಯವರು ಆಚೆಯೇ. 2020ರ ಫೆಬ್ರುವರಿಯಲ್ಲಿ ಅವುಗಳ ತೆರವಿಗೆ ಸುಪ್ರೀಂ ಕೋರ್ಟ್ ತೀರ್ಪು ಬಂತು, ಮಾರ್ಚಿನಲ್ಲಿ ಹಂಪಿ ಪ್ರಾಧಿಕಾರದ ಜೆಸಿಬಿಗಳು ಬಂದವು. ದುಡಿದು ತಿನ್ನುತ್ತಿದ್ದ ಸ್ಥಳೀಯರ ಹೊಟ್ಟೆಪಾಡಿಗೆ ಮರುಗುತ್ತೇನೆ, ಶಕ್ಷುಕಾಗೆ ಅಲ್ಲ. ಆ ಮೆನುವಿನಲ್ಲಿ ಈ ಸೀಮೆಯ ಒಂದು ತುತ್ತೂ ಇರಲಿಲ್ಲವೆಂಬುದು ನನ್ನ ಹಳೆಯ ತಕರಾರು. ಈಗ ಆ ನಮೂನೆಯ ಕೆಫೆಗಳು ಸಾಣಾಪುರದ ಸುತ್ತ ಚದುರಿವೆ. ಹೋಗಿ, ಕೂಡಿ. ಕತ್ತಲಾದ ಮೇಲೆ ಮಾತ್ರ ಕಾಲುವೆ ದಂಡೆಯ ನಿರ್ಜನ ಜಾಗ ಬೇಡ. 2025ರ ಮಾರ್ಚಿನಲ್ಲಿ ಅಲ್ಲಿ ನಡೆದ ಭೀಕರ ಹಲ್ಲೆಯನ್ನು ಊರು ಇನ್ನೂ ಮರೆತಿಲ್ಲ.

ಇನ್ನು ಪೇಟೆ. ಕೊಪ್ಪಳವಿರಲಿ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಇರಲಿ, ಹೊತ್ತು ಮುಳುಗುವ ಹೊತ್ತಿಗೆ ಬಸ್ ನಿಲ್ದಾಣದ ಆಸುಪಾಸು ಕೈಗಾಡಿಗಳು ಸಾಲುಗಟ್ಟುತ್ತವೆ, ಎಣ್ಣೆ ಕಾಯುತ್ತದೆ. ಹೊಸಬರು ಮಾಡುವ ತಪ್ಪೆಂದರೆ ಮಿರ್ಚಿಯನ್ನು 'ಚಿಲ್ಲಿ ಬಜ್ಜಿ' ಎಂದುಕೊಂಡು ಗಾಜಿನ ಪೆಟ್ಟಿಗೆಯಲ್ಲಿ ಒಟ್ಟಿದ್ದನ್ನು ಕೇಳುವುದು. ಒಳ್ಳೆಯ ಗಾಡಿಯವನು ತಾನೇ ತಡೆಯುತ್ತಾನೆ: 'ಅವು ಆರ್‍ಯಾವ್ರಿ ಅಣ್ಣಾರ, ಸ್ವಲ್ಪ ನಿಂದರ್‍ರಿ, ಬಿಸೀವು ತೆಗೀತೀನಿ.' ಹಾಗೆಂದವನ ಗಾಡಿಯನ್ನು ಬಿಡಬೇಡಿ.

ನಿಂತಾಗ ಅವನ ಕೈ ನೋಡಿ. ಉದ್ದನೆಯ ಹಸಿಮೆಣಸಿನಕಾಯಿಯ ಹೊಟ್ಟೆ ಸೀಳಿ ಜೀರಿಗೆ, ಅಜವಾನ, ಉಪ್ಪು ಕುಟ್ಟಿದ್ದನ್ನು ಸವರಿರುತ್ತಾನೆ. ತೊಟ್ಟು ಹಿಡಿದು ಕಡಲೆಹಿಟ್ಟಿನಲ್ಲಿ ಅದ್ದಿ, ಬೋಗುಣಿಯ ಅಂಚಿಗೆ ಒಂದು ಬದಿ ಸವರಿ, ಎಣ್ಣೆಗೆ ಜಾರಿಸುತ್ತಾನೆ. ಆ ಸವರಿದ ಬದಿಯಲ್ಲಿ ಹಿಟ್ಟು ತೆಳುವಾಗಿ ಕಾಯಿ ನೇರ ಎಣ್ಣೆಗೆ ತಾಗಿ ಬೇಯುತ್ತದೆ, ಇನ್ನೊಂದು ಬದಿ ಉಬ್ಬುತ್ತದೆ. ಸುತ್ತಲೂ ದಪ್ಪಗೆ ಹಿಟ್ಟು ಮೆತ್ತಿಕೊಂಡ ಮಿರ್ಚಿಯಲ್ಲಿ ಕಾಯಿ ಹಸಿಯಾಗಿ ಉಳಿದು ಖಾರ ಮೂಗಿಗೆ ಹತ್ತುತ್ತದೆ. ಖಾರ ತಡೆಯದವರು ಕಟ್ ಮಿರ್ಚಿ ಕೇಳಬಹುದು. ತುಂಡರಿಸಿ ಮತ್ತೊಮ್ಮೆ ಕರಿದು ಉಳ್ಳಾಗಡ್ಡಿ ಉದುರಿಸಿ ಕೊಡುತ್ತಾರೆ.

ಮಿರ್ಚಿ ಒಂಟಿ ತಿನಿಸಲ್ಲ. ಅದರ ಜೋಡಿ ವಗ್ಗರಣಿ: ನೀರಲ್ಲಿ ನೆನೆಸಿ ಹಿಂಡಿದ ಮಂಡಕ್ಕಿಗೆ ಅರಿಶಿನ, ಉಳ್ಳಾಗಡ್ಡಿ, ಹಸಿಮೆಣಸಿನಕಾಯಿಯ ಒಗ್ಗರಣೆ, ಮೇಲೆ ಪುಠಾಣಿ ಹಿಟ್ಟು. ಪುಠಾಣಿ ಹಿಟ್ಟು ಎಣ್ಣೆಯನ್ನು ಹೀರುತ್ತದೆ, ಮೆತ್ತನೆಯ ಮಂಡಕ್ಕಿ ಖಾರವನ್ನು ತಣಿಸುತ್ತದೆ. ತುದಿಯಿಂದ ಕಚ್ಚುತ್ತಾ, ಒಂದು ಕಡಿತಕ್ಕೆ ಎರಡು ತುತ್ತು ವಗ್ಗರಣಿಯ ಲೆಕ್ಕದಲ್ಲಿ ತೊಟ್ಟಿನತ್ತ ಬನ್ನಿ. ತೊಟ್ಟಿನ ಹತ್ತಿರವೇ ಖಾರ ಹೆಚ್ಚು, ಅಷ್ಟರಲ್ಲಿ ನಾಲಗೆ ಪಳಗಿರುತ್ತದೆ. ನೀರು ಕುಡಿಯಬೇಡಿ, ಅದರಿಂದ ಉರಿ ಆರದು. ಚಹಾ ಕುಡಿಯಿರಿ.

ಅಂದಹಾಗೆ ಸ್ಪೇನಿನವರಿಗೂ ನಮಗೂ ಇಲ್ಲೊಂದು ನಂಟಿದೆ. 1336ರಲ್ಲಿ ಹೊಳೆಯ ಆಚೆ ವಿಜಯನಗರ ಎದ್ದಾಗ ಈ ನೆಲದಲ್ಲಿ ಮೆಣಸಿನಕಾಯಿ ಇರಲಿಲ್ಲ, ಖಾರವೆಂದರೆ ಕರಿಮೆಣಸು. 1492ರಲ್ಲಿ ಸ್ಪೇನಿನ ಹಡಗುಗಳು ಅಮೆರಿಕ ಮುಟ್ಟಿದ ಮೇಲೆ ಆ ಕಾಯಿ ಯುರೋಪಿಗೆ ಹೋಯಿತು, ಪೋರ್ಚುಗೀಸರ ಕೈಯಿಂದ ನಮ್ಮ ಪಡುವಣ ಕರಾವಳಿಗೆ ಬಂತು. ಬಾರಿನ ಕಟ್ಟೆಗೆ ಆತು ನಿಂತು ತಾಪಾಸ್ ತಿನ್ನುವ ಸ್ಪೇನಿನವರು ನಮ್ಮ ಗಾಡಿ ಮುಂದೆ ತಬ್ಬಿಬ್ಬಾಗಲಾರರು. ನಿಂತು ತಿನ್ನುವುದು, ಪರಿಚಯವಿಲ್ಲದವರ ಜೊತೆ ಮಳೆ-ಬೆಳೆಯ ಮಾತಾಡುವುದು, ಹೊಟ್ಟೆ ತುಂಬುವ ಮೊದಲೇ ಸರಿದುಹೋಗುವುದು ಎರಡೂ ಕಡೆ ಒಂದೇ. ಒಂದು ವ್ಯತ್ಯಾಸ ನನಗೆ ಹಿಡಿಸದ್ದು: ಇಲ್ಲಿ ಹೆಣ್ಣುಮಕ್ಕಳು ಗಾಡಿ ಮುಂದೆ ನಿಲ್ಲುವುದು ಕಡಿಮೆ, ಪಾರ್ಸಲ್ ಕಟ್ಟಿಸಿಕೊಂಡು ನಡೆಯುವವರೇ ಹೆಚ್ಚು. ಮನೆ ಮುಟ್ಟುವಷ್ಟರಲ್ಲಿ ಮಿರ್ಚಿ ಮೆತ್ತಗಾಗಿರುತ್ತದೆ.

ಊಟದ ಹೊತ್ತಿಗೆ ನೀವು ಜಿಲ್ಲೆಯ ಯಾವ ಮೂಲೆಯಲ್ಲಿದ್ದೀರಿ ಎಂಬುದು ಮುಖ್ಯ. ಮುನಿರಾಬಾದಿನ ಬಳಿ ತುಂಗಭದ್ರಾ ಅಣೆಕಟ್ಟು 1953ರಲ್ಲಿ ಮುಗಿದು ಎಡದಂಡೆ ಕಾಲುವೆಯಲ್ಲಿ ನೀರು ಹರಿದಾಗ ಗಂಗಾವತಿ, ಕಾರಟಗಿ ಸೀಮೆ ಭತ್ತದ ಕಣಜವಾಯಿತು. ಆಂಧ್ರದ ರೈತರು ಬಂದು ಭೂಮಿ ಕೊಂಡು 'ಕ್ಯಾಂಪು'ಗಳನ್ನು ಕಟ್ಟಿದರು. ಹಾಗಾಗಿ ಗಂಗಾವತಿಯ ಮೆಸ್ಸಿನಲ್ಲಿ ಕೂತರೆ ಬಿಸಿ ಸೋನಾಮಸೂರಿ ಅನ್ನ, ಪಪ್ಪು, ತುಪ್ಪ, ಗೋಂಗೂರ, ಆವಕಾಯಿ. ಕಾಲುವೆಯ ನೀರು ಹತ್ತದ ಕುಷ್ಟಗಿ, ಯಲಬುರ್ಗಾ ಮಳೆ ನಂಬಿದ ಜೋಳ, ಸಜ್ಜೆ, ಹೆಸರಿನ ನೆಲ. ಅಲ್ಲಿ ರಾತ್ರಿಯೂಟವೆಂದರೆ ಖಾನಾವಳಿ. ಬಸ್ಸಿನಲ್ಲಿ ಎರಡು ತಾಸಿನ ದಾರಿಯಲ್ಲಿ ತಟ್ಟೆಯೇ ಬದಲಾಗುವ ಈ ಸೊಗಸನ್ನು ಎರಡು ರಾತ್ರಿ ಎರಡು ಕಡೆ ಉಂಡು ತಿಳಿಯಬೇಕು.

ಖಾನಾವಳಿಯಲ್ಲಿ ಒಲೆ ಕಾಣುವ ಕಡೆ ಕೂಡಿ. ರೊಟ್ಟಿ ಬಡಿಯುವ ಅಕ್ಕ ಕುದಿನೀರು ಬೆರೆಸಿದ ಜೋಳದ ಹಿಟ್ಟನ್ನು ನಾದಿ, ಅಂಗೈಯಲ್ಲಿ ಬಡಿಯುತ್ತಾ ತಿರುಗಿಸುತ್ತಾ ಅಗಲ ಮಾಡುವಾಗಿನ ಸಪ್ಪಳಕ್ಕೆ ಒಂದು ತಾಳವಿದೆ. ಹಂಚಿಗೆ ಹಾಕಿದ ಮೇಲೆ ಒದ್ದೆ ಬಟ್ಟೆಯಿಂದ ಮೇಲ್ಮೈ ಸವರುತ್ತಾಳೆ, ಆ ನೀರು ಆರಿದಾಗ ಮಗುಚುತ್ತಾಳೆ. ಸರಿಯಾಗಿ ಬಡಿದದ್ದಾದರೆ ರೊಟ್ಟಿ ಪೂರಿಯಂತೆ ಉಬ್ಬುತ್ತದೆ. ತಟ್ಟೆಗೆ ಎಣ್ಣೆಗಾಯಿ, ಮಡಕಿಕಾಳಿನ ಪಲ್ಯ, ಝುಣಕ, ಶೇಂಗಾ ಹಿಂಡಿ, ಗುರೆಳ್ಳು ಹಿಂಡಿ, ಕೆಂಪು ಖಾರ, ಗಟ್ಟಿ ಮೊಸರು, ಹಸಿ ಮೆಂತ್ಯೆಸೊಪ್ಪು, ಉಳ್ಳಾಗಡ್ಡಿ ಬರುತ್ತವೆ. ಎಲ್ಲವನ್ನೂ ಕಲಸಬೇಡಿ. ಒಂದು ತುಂಡು ರೊಟ್ಟಿಗೆ ಒಂದೇ ಪಲ್ಯ, ನಡುವೆ ಒಂದೆಳೆ ಮೆಂತ್ಯೆ. ಹಿಂಡಿಗೆ ಮೊಸರು ಬೆರೆಸುವುದು ಮಾತ್ರ ಸಮ್ಮತ. 'ಇನ್ನೊಂದು ರೊಟ್ಟಿ ಹಾಕ್ಲೇನ್ರಿ?' ಎಂದರೆ ಅರ್ಧ ಸಾಕೆಂದು ಹೇಳಿ, ಬಿಸಿಯಿದ್ದಾಗ ಅರ್ಧ ತಿಂದು ಮತ್ತರ್ಧ ಕೇಳುವುದು ಜಾಣತನ. ಕೊನೆಗೆ ಅನ್ನ ಸಾರು, ಅದೂ ಶಾಸ್ತ್ರಕ್ಕೆ. ಸ್ಪೇನಿನವರು ರಾತ್ರಿ ಹತ್ತಕ್ಕೆ ಊಟಕ್ಕೆ ಕೂಡುತ್ತಾರಂತೆ. ಇಲ್ಲಿ ಎಂಟಕ್ಕೆ ಕೂಡಿ, ಹತ್ತಕ್ಕೆ ಹಂಚು ಆರಿರುತ್ತದೆ. ತಡವಾದವರಿಗೆ ಕುಷ್ಟಗಿಯ ಹೆದ್ದಾರಿ ಢಾಬಾ ಇದ್ದೇ ಇದೆ. ಪರದೆ ಬಿಟ್ಟ ಬಾರ್‌ಗಳೂ ಇವೆ. ಅವುಗಳ ಬಗ್ಗೆ ಹೇಳುವಂಥದ್ದೇನೂ ಇಲ್ಲ.

ಜನವರಿಯಲ್ಲಿ ಬಂದರೆ ಕೊಪ್ಪಳದ ಗವಿಸಿದ್ಧೇಶ್ವರ ಜಾತ್ರೆ. ಮಹಾದಾಸೋಹಕ್ಕೆ ಹಳ್ಳಿಹಳ್ಳಿಗಳಿಂದ ರೊಟ್ಟಿ ಗಾಡಿಗಟ್ಟಲೆ ಬರುತ್ತದೆ, ಮಿರ್ಚಿ ಕರಿಯುವ ದಿನ ಅದು ಲಕ್ಷಗಟ್ಟಲೆ ಲೆಕ್ಕ. ಪಂಕ್ತಿಯಲ್ಲಿ ಕೂಡಲು ಸಂಕೋಚ ಬೇಡ, ನಿಮ್ಮನ್ನು ಯಾರೂ ಏನೂ ಕೇಳುವುದಿಲ್ಲ.

ರಾತ್ರಿಪೂರ್ತಿ ಎದ್ದಿರಬೇಕೆಂಬ ಹಟವಿದ್ದರೆ ಸುಗ್ಗಿ ಮುಗಿದ ಮೇಲೆ ಹಳ್ಳಿ ಜಾತ್ರೆಯ ಬೈಲಾಟ ಹುಡುಕಿ. ಕೊಪ್ಪಳ ತಾಲ್ಲೂಕಿನ ಮೋರನಾಳದ ತೊಗಲುಗೊಂಬೆ ಕಲಾವಿದೆ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ಬಂದಾಗ ಹೊರಗಿನವರು ಬೆರಗಾದರು, ಈ ಸೀಮೆಯವರಿಗೆ ರಾತ್ರಿಯಾಟ ಹೊಸದಲ್ಲ. ಬೈಲಾಟದ ಒಂದು ಬಗೆಯಾದ ದೊಡ್ಡಾಟ ಊಟದ ನಂತರ ಶುರುವಾದರೆ ಬೆಳಕು ಹರಿಯುವ ತನಕ. ಕಥೆ ಏನಾಗುತ್ತದೆಂದು ಕಾಯಬೇಡಿ, ಅದು ಎಲ್ಲರಿಗೂ ಗೊತ್ತು. ನೋಡಬೇಕಾದ್ದು ವೇಷ ಹೊರಬರುವ ಗತ್ತು: ಕಿರೀಟ, ಭುಜಕೀರ್ತಿ, ಹಲಗೆ ಅದುರುವ ಕುಣಿತ, 'ತಾವ್ಯಾರು?' ಎಂದು ರಾಜನನ್ನೇ ತಡವುವ ಸಾರಥಿಯ ಚೇಷ್ಟೆ. ಮೊದಲ ತಾಸು ಸ್ತುತಿಯಲ್ಲಿ ಹೋಗುತ್ತದೆ, ಎದ್ದು ಹೋಗಬೇಡಿ. ಕೂಡಲು ಗೋಣಿಚೀಲ, ಹೊದೆಯಲು ಕಂಬಳಿ ಒಯ್ಯಿರಿ. ಕುಣಿತ ಮೆಚ್ಚಿದರೆ ನೋಟಿನ ಜೊತೆ ಹೆಸರು, ಊರು ಬರೆದ ಚೀಟಿ ಕೊಡಿ, ದೊಡ್ಡ ಅಕ್ಷರದಲ್ಲಿ. ಮೈಕಿನವನು ಅದನ್ನು ಓದಿ ಮುಗಿಸುವವರೆಗೆ ದುರ್ಯೋಧನ ಗದೆ ಎತ್ತಿಕೊಂಡು ನಿಂತಿರಬೇಕಾಗುತ್ತದೆ.