ಜ್ವರದ ಮಟ್ಟ, ರೋಗದ ಸಂಭವ

ಬರ್ಕ್ಲಿಯ ಪ್ರಾಧ್ಯಾಪಕ ಲೋತ್ಫಿ ಝಾದೆ ಅವರು 1965ರಲ್ಲಿ ಪ್ರಕಟಿಸಿದ ‘ಫಜಿ ಸೆಟ್ಸ್’, ಅಂದರೆ ಅಂಚು ಮಸುಕಾದ ಗಣಗಳು, ಎಂಬ ಲೇಖನ ಚಿಕ್ಕದು, ಪರಿಣಾಮ ದೊಡ್ಡದು. ‘ಹೌದು’, ‘ಅಲ್ಲ’ ಎಂಬ ಎರಡೇ ಉತ್ತರಗಳ ನಡುವೆ, ಸೊನ್ನೆಯಿಂದ ಒಂದರವರೆಗಿನ ಮಟ್ಟಗಳನ್ನೂ ಅದು ಒಪ್ಪಿತು. ‘ಮೈ ಸ್ವಲ್ಪ ಬಿಸಿ’ ಎಂಬ ಮನೆಮಾತಿಗೂ ಗಣಿತದಲ್ಲಿ ಸ್ಥಾನ ದೊರೆಯಿತು. ಇದನ್ನು ನಾವು ಮನಸಾರೆ ಮೆಚ್ಚುತ್ತೇವೆ.

ಆದರೆ ರೋಗನಿರ್ಣಯಕ್ಕೆ ಇದೊಂದೇ ಸಾಲದು. ‘ಜ್ವರ 0.7’ ಎಂದರೆ ಜ್ವರದ ತೀವ್ರತೆ. ‘ಟೈಫಾಯಿಡ್ ಸಂಭವ 0.7’ ಎಂದರೆ ಅಂಥ ನೂರು ರೋಗಿಗಳಲ್ಲಿ ಎಪ್ಪತ್ತು ಮಂದಿಗೆ ಅದಿದೆ ಎಂಬ ಲೆಕ್ಕ. ಅಂಕಿ ಒಂದೇ, ಅರ್ಥ ಬೇರೆ. ಮೊದಲನೆಯದನ್ನು ತಜ್ಞರು ತಮ್ಮ ವಿವೇಚನೆಯಿಂದ ನಿಗದಿ ಮಾಡುತ್ತಾರೆ; ಅದನ್ನು ಒರೆಗೆ ಹಚ್ಚುವ ಬಗೆಯನ್ನು ಲೇಖನ ಹೇಳುವುದಿಲ್ಲ.

ಎರಡನೆಯದಕ್ಕೆ ಆಧಾರ, ಥಾಮಸ್ ಬೇಯ್ಸ್ ಅವರ ಮರಣಾನಂತರ 1763ರಲ್ಲಿ ಪ್ರಕಟವಾದ ಪ್ರಬಂಧದಿಂದ ಬೆಳೆದ ಗಣಿತ. ರೋಗ ಸಾವಿರದಲ್ಲಿ ಒಬ್ಬರಿಗಿದೆ ಎನ್ನೋಣ. ಪರೀಕ್ಷೆ ರೋಗಿಯನ್ನು ತಪ್ಪದೆ ಹಿಡಿಯುತ್ತದೆ. ಆರೋಗ್ಯವಂತರಲ್ಲೂ ನೂರಕ್ಕೆ ಐವರನ್ನು ರೋಗಿಗಳೆನ್ನುತ್ತದೆ. ಆಗ ‘ಪಾಸಿಟಿವ್’ ಬಂದ ಸುಮಾರು 51 ಮಂದಿಯಲ್ಲಿ ನಿಜವಾದ ರೋಗಿ ಒಬ್ಬರೇ!

ಊರಿನ ಪರಿಚಿತ ವೈದ್ಯರಿಂದ ದೂರವಿರುವ ನಮ್ಮ ಕುಟುಂಬಗಳು ಲ್ಯಾಬ್ ವರದಿಯನ್ನೇ ತೀರ್ಪೆಂದು ನಂಬಿ ಕಂಗೆಡುವುದುಂಟು. ಲಕ್ಷಣದ ತೀವ್ರತೆಗೆ ಝಾದೆಯವರ ಅಳತೆ ಒದಗೀತು. ರೋಗದ ಸಂಭವಕ್ಕೆ ಬೇಯ್ಸರ ಲೆಕ್ಕವೇ ಬೇಕು. ‘ಈ ರೋಗ ನಮ್ಮಂಥವರಲ್ಲಿ ಎಷ್ಟು ಜನರಿಗಿದೆ, ಡಾಕ್ಟರೇ?’ ಎಂದು ಕೇಳುವ ಅಭ್ಯಾಸ ನಮ್ಮಲ್ಲಿ ಬೆಳೆಯಲೆಂದು ಆಶಿಸುತ್ತೇವೆ.