ದರಿಯಾ ದೌಲತ್‌ನ ಪಡುಗೋಡೆ

ಚನ್ನಪಟ್ಟಣ ತಾಲ್ಲೂಕಿನ ಬೈರಾಪಟ್ಟಣದ ಕಡೆಯವರಿಗೆ ಮರಕ್ಕೆ ಬಣ್ಣ ಹಿಡಿಸುವ ಕೆಲಸ ಹೊಸದಲ್ಲ. ತಿರುಗುವ ಆಲೆಮರದ ತುಂಡಿಗೆ ಅರಗು ಒತ್ತುವುದನ್ನು ನೋಡಿ ಬೆಳೆದ ಕಣ್ಣು ಶ್ರೀರಂಗಪಟ್ಟಣದ ದರಿಯಾ ದೌಲತ್‌ನಲ್ಲಿ ಮೊದಲು ಹುಡುಕುವುದು ಮರವನ್ನೇ. ಬ್ರಿಟಿಷರೊಂದಿಗೆ ಮಂಗಳೂರು ಒಪ್ಪಂದವಾದ 1784ರಲ್ಲಿಯೇ ಟಿಪ್ಪು ಸುಲ್ತಾನ್ ಕಟ್ಟಿಸಿದ ಈ ಬೇಸಿಗೆ ಅರಮನೆಯ ಜೀವವೆಲ್ಲ ತೇಗದಲ್ಲಿದೆ. ಎತ್ತರದ ಜಗಲಿ, ಸುತ್ತಲೂ ಕಂಬಗಳ ಪಡಸಾಲೆ, ಒಳಗೆ ಕಿರಿದಾದ ಮೆಟ್ಟಿಲುಗಳು. ದೊರೆಯ ಮನೆಯಾದರೂ ಎದುರು ನಿಂತವರನ್ನು ಕುಗ್ಗಿಸುವುದಿಲ್ಲ, ನೆರಳಿಗೆ ಕರೆಯುತ್ತದೆ. ಮೈಸೂರಿನ ದೊಡ್ಡ ಅರಮನೆಯ ವೈಭವಕ್ಕಿಂತ ನನಗೆ ಈ ಅಳತೆಯೇ ಹೆಚ್ಚು ಇಷ್ಟ.

ಒಳಗಿನ ಅಲಂಕಾರವನ್ನು ಅಷ್ಟು ಮೆಚ್ಚಲಾರೆ. ಗೋಡೆ, ಕಂಬ, ಕಮಾನು ಎಲ್ಲೆಲ್ಲೂ ಹೂಬಳ್ಳಿ. ಬಿಡಿಯಾಗಿ ನೋಡಿದರೆ ಸೊಗಸು, ಒಟ್ಟಿಗೆ ನೋಡಿದರೆ ಕಣ್ಣಿಗೆ ಬಿಡುವೇ ಇಲ್ಲ.

ಅರಮನೆಯ ಹಿರಿಮೆ ಇರುವುದು ಹೊರಗಿನ ಪಡುಗೋಡೆಯಲ್ಲಿ. ಒಂದು ಬದಿಗೆ ಹೈದರ್ ಮತ್ತು ಟಿಪ್ಪುವಿನ ಮೆರವಣಿಗೆ, ಇನ್ನೊಂದು ಬದಿಗೆ ಕಾಂಚೀಪುರದ ಬಳಿ 1780ರ ಸೆಪ್ಟೆಂಬರ್ 10ರಂದು ನಡೆದ, ಬ್ರಿಟಿಷರು ಸೋತ ಪೊಳ್ಳಿಲೂರು ಕದನ. ಮೆರವಣಿಗೆ ಕೊಂಚ ಜಡ. ಸಾಲು ಸಾಲಾಗಿ ಆನೆ, ಕುದುರೆ, ಆಳು. ಕದನದಲ್ಲಿ ಮಾತ್ರ ಕುಂಚಕ್ಕೆ ಆವೇಶ ಬಂದಿದೆ. ಕೆಂಪಂಗಿಯ ಸೈನಿಕರ ಚೌಕ, ಸಿಡಿಯುವ ಮದ್ದಿನ ಬಂಡಿ, ನಡುವೆ ಪಲ್ಲಕ್ಕಿಯಲ್ಲಿ ಬೆರಳು ಕಚ್ಚಿ ಕುಳಿತ ಗಾಯಾಳು ಕರ್ನಲ್ ಬೇಯ್ಲಿ. ಗೆದ್ದವರು ಬರೆಸಿದ ಚಿತ್ರವಾದರೂ ಸೋತವನ ಮುಖವನ್ನು ಅದು ಅಷ್ಟು ಹತ್ತಿರದಿಂದ ನೋಡಿದೆ. ಮೂಡುಗೋಡೆಯ ದೊರೆ–ಪಾಳೆಯಗಾರರ ಸಾಲಿನಲ್ಲಿ ಚಿತ್ರದುರ್ಗದ ಮದಕರಿ ನಾಯಕನ ಜೊತೆ ನಮ್ಮ ಮಾಗಡಿಯ ಕೆಂಪೇಗೌಡನೂ ಇದ್ದಾನೆ. ರಾಮನಗರ ಸೀಮೆಯವರು ಹುಡುಕಿ ನೋಡಬೇಕು.

ಆದರೆ ಇಂದು ನಾವು ಕಾಣುವುದು 1784ರ ಬಣ್ಣವನ್ನಷ್ಟೇ ಅಲ್ಲ. ಅಳಿದಿದ್ದ ಕದನದ ಚಿತ್ರವನ್ನು 1799ರ ನಂತರ ಇಲ್ಲೇ ವಾಸವಿದ್ದ ಬ್ರಿಟಿಷ್ ಸೇನಾಧಿಕಾರಿ ಆರ್ಥರ್ ವೆಲ್ಲೆಸ್ಲಿ ಮತ್ತೆ ಬರೆಸಿದ. 1850ರ ದಶಕದಲ್ಲಿ ಗವರ್ನರ್ ಜನರಲ್ ಡಾಲ್‌ಹೌಸಿಯ ಆಜ್ಞೆಯಂತೆ ಇನ್ನೊಮ್ಮೆ ಬಣ್ಣ ಬಿತ್ತು. ಹೀಗೆ ಮತ್ತೆ ಮಾಡಿದ್ದು ಬೇರೆಡೆಯೂ ಉಂಟು: ರಷ್ಯಾದ ಚಕ್ರವರ್ತಿಗಳ ತ್ಸಾರ್ಸ್ಕೊಯೆ ಸೆಲೋ ಅರಮನೆಯಲ್ಲಿ ಎರಡನೇ ಮಹಾಯುದ್ಧದ ಕಾಲದಲ್ಲಿ ಲೂಟಿಯಾದ ಅಂಬರ್ ಕೋಣೆಯನ್ನು 2003ರಲ್ಲಿ ಮರುಸೃಷ್ಟಿಸಿ ತೆರೆದರು. ಅದು ಹೊಸದೆಂದು ಎಲ್ಲರಿಗೂ ಗೊತ್ತಿರುವುದರಿಂದ ಅದರ ಬೆಲೆ ಕುಗ್ಗಿಲ್ಲ. ದರಿಯಾ ದೌಲತ್‌ಗೂ ಅದೇ ಪ್ರಾಮಾಣಿಕತೆ ಸಲ್ಲಬೇಕು. ಶತ್ರುವೇ ತನ್ನ ಸೋಲಿನ ಚಿತ್ರವನ್ನು ತಿದ್ದಿಸಿ ಉಳಿಸಿದ್ದು ಈ ಗೋಡೆಯ ಕಥೆಯ ಬಹು ದೊಡ್ಡ ಭಾಗ.

ಒಳಗಿನ ಸಂಗ್ರಹಾಲಯದಲ್ಲಿ 1799ರಲ್ಲಿ ಬ್ರಿಟಿಷರಿಗೆ ಶ್ರೀರಂಗಪಟ್ಟಣ ಬಿದ್ದುದನ್ನು ಕುರಿತ ರಾಬರ್ಟ್ ಕೆರ್ ಪೋರ್ಟರ್‌ನ ಚಿತ್ರವಿದೆ. ಈ ಊರನ್ನು ಕಾಣದೆಯೇ ಲಂಡನ್ನಿನಲ್ಲಿ ಕುಳಿತು ಬರೆದವನು ಅವನು. ಹೊರಗೆ ಗೆಲುವು, ಒಳಗೆ ಸೋಲು. ಇವೆರಡನ್ನೂ ಜೋಡಿಸಿ ಓದಿದಾಗಲೇ ಈ ಮನೆ ಪೂರ್ತಿ ಅರ್ಥವಾಗುವುದು. ಕೋಟೆಯೊಳಗಿನ ಟಿಪ್ಪುವಿನ ಇನ್ನೊಂದು ಅರಮನೆ ಲಾಲ್ ಮಹಲ್ ಅಂತೂ ಉಳಿಯಲಿಲ್ಲ. ಅದರ ತೊಲೆಗಳು ಊಟಿಯ ಸೇಂಟ್ ಸ್ಟೀಫನ್ಸ್ ಚರ್ಚ್ ಸೇರಿದವು. ಉಳಿದಿರುವ ಈ ಒಂದು ಅರಮನೆಯ ಗೋಡೆಯ ಮುಂದೆ ಅರ್ಧ ಗಂಟೆ ಕೂರಲು ಜಾಗ ಬೇಕು. ಯಾವ ಗೆರೆ ಯಾವ ಕಾಲದ ಕೈಯದು ಎಂದು ತಿಳಿಸುವ ವಿವರ ಕನ್ನಡದಲ್ಲಿ ಬೇಕು.